ಸಹ ಅರ್ಜಿದಾರನ ಬಲಗೈ

ಚಾಚಾನ ಬಲಗೈ ಮೇಲೆ ನಾನು ಹೊಡೆದದ್ದು ಎರಡು ಪೆಟ್ಟು. ನಮ್ಮ ಓಣಿಯಲ್ಲಿ ಹತ್ತು ಎನ್ನುವವರಿದ್ದಾರೆ, ತಲೆಗೇ ಹೊಡೆದಳು ಎನ್ನುವವರೂ ಇದ್ದಾರೆ. ನನ್ನ ಡೈರಿಯ ನವೆಂಬರ್ 15ರ ಪುಟದಲ್ಲಿ ಎರಡು ಎಂದೇ ಇದೆ. ಆವತ್ತೇ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬರೆದದ್ದು. ಅದಕ್ಕೆ ಹನ್ನೆರಡು ದಿನ ಮೊದಲಿನಿಂದ ಹದಿಮೂರು ದಿನ ನಂತರದವರೆಗೆ ಏನೇನಾಯಿತೋ ಅದನ್ನು ಆ ಪುಟಗಳಿಂದಲೇ ತೆಗೆದು ಇಲ್ಲಿ ಬರೆಯುತ್ತಿದ್ದೇನೆ.

ನವೆಂಬರ್ 3, ಸೋಮವಾರ. ಮಸ್ಕಿ ಬಸ್‌ಸ್ಟ್ಯಾಂಡಿನ ಹಿಂದೆ ಹತ್ತಿ ಹಾಸಿಗೆ ಮಾಡುವ ಅಬ್ಬಾನ ಗಾದಿ ಅಂಗಡಿಯಿದೆ. ಹತ್ತಿ ಹಿಂಜುವುದಕ್ಕೆ ಈಗ ಯಂತ್ರ ಬಂದಿದೆ. ಆದರೆ ಚೀಲಕ್ಕೆ ತುಂಬಿದ ಹತ್ತಿಯನ್ನು ಸಮನಾಗಿ ಹರಡಲು ಕೋಲಿನಿಂದ ಬಡಿಯುವ ಕೆಲಸ ಇನ್ನೂ ಕೈಯದೇ. ಒಂದು ಗಾದಿಗೆ ನನ್ನ ಕೈಯಲ್ಲಿ ಇನ್ನೂರ ಹತ್ತು ಪೆಟ್ಟು ಬೇಕು, ಅಬ್ಬಾನ ಕೈಯಲ್ಲಿ ನೂರ ಎಪ್ಪತ್ತು ಸಾಕು. ಎಂ.ಎಸ್ಸಿ. ಸಂಖ್ಯಾಶಾಸ್ತ್ರಕ್ಕೆ ಸೀಟು ಸಿಕ್ಕಿದೆಯೆಂಬ ಸಂದೇಶ ಮೊಬೈಲಿಗೆ ಬಂದದ್ದು ನೂರ ಮೂವತ್ತೆರಡನೇ ಪೆಟ್ಟಿಗೆ. ಉಳಿದವನ್ನು ಮುಗಿಸಿಯೇ ಓದಿದೆ. ನವೆಂಬರ್ 28ರ ಸಂಜೆ ಐದರೊಳಗೆ ಶುಲ್ಕ ತುಂಬಬೇಕು, ಇಲ್ಲವಾದರೆ ಸೀಟು ಪಟ್ಟಿಯ ಮುಂದಿನವರಿಗೆ ಹೋಗುತ್ತದೆ.

ದಾರಿ ಎರಡಿದ್ದವು. ಕುಟುಂಬದ ಆದಾಯ ಮಿತಿಯೊಳಗಿದ್ದರೆ ಶುಲ್ಕ ವಿನಾಯಿತಿ ಸಿಗುತ್ತದೆ. ಇಲ್ಲವಾದರೆ ಬ್ಯಾಂಕಿನ ಶಿಕ್ಷಣ ಸಾಲ. ಸಾಲಕ್ಕೆ ಸಹ ಅರ್ಜಿದಾರ ಬೇಕು, ಅಂದರೆ ನನ್ನ ಜೊತೆ ಸಹಿ ಹಾಕಿ ಹೊಣೆ ಹೊರುವವನು. ಅಬ್ಬಾನ ಹೆಸರಿನಲ್ಲಿ ಹತ್ತಿ ಯಂತ್ರದ ಹಳೆಯ ಸಾಲದ ಕಂತು ತಪ್ಪಿದ್ದರಿಂದ ಅವನು ನಡೆಯುವುದಿಲ್ಲ. ಉಳಿದವನು ಚಾಚಾ, ಅಬ್ಬಾನ ತಮ್ಮ, ಲಿಂಗಸುಗೂರು ಕಡೆಯ ಹಳ್ಳಿಯೊಂದರ ಸರ್ಕಾರಿ ಶಾಲೆಯ ಮಾಸ್ತರ. ತಮ್ಮನ ಮುಂದೆ ಕೈ ಒಡ್ಡಲು ಅಬ್ಬಾನಿಗೆ ಮನಸ್ಸಿರಲಿಲ್ಲ. ಹಾಗಾಗಿ ಮೊದಲ ದಾರಿ ಹಿಡಿದೆವು.

ನನಗೆ ಎಣಿಸಲು ಕಲಿಸಿದವನು ಚಾಚಾ. ಮಗ್ಗಿ ತಪ್ಪಿದರೆ ಮರದ ಪಟ್ಟಿಯಿಂದ ಅಂಗೈಗೆ ಹೊಡೆದು, "ಎಷ್ಟಾತು? ನೀನಾ ಎಣಿಸು" ಎನ್ನುತ್ತಿದ್ದ. ಎಣಿಕೆ ತಪ್ಪಿದರೆ ಮತ್ತೆ ಒಂದರಿಂದ ಶುರು. ಶಾಲೆಯಲ್ಲಿ ಉಳಿದ ಹಳೆಯ ಹಾಜರಿ ಪುಸ್ತಕ ತಂದುಕೊಟ್ಟು ದಿನಾ ಬರೆಯಲು ಹಚ್ಚಿದವನೂ ಅವನೇ. ಹಿಂದೊಮ್ಮೆ ಓಣಿಯ ಹೆಂಗಸರಿಗೆ ಸಂಜೆ ಅಕ್ಷರ ಕಲಿಸುತ್ತಿದ್ದ. ನಮ್ಮ ದಾದಿ, ಅವನ ತಾಯಿ, ಐವತ್ತೆಂಟನೇ ವಯಸ್ಸಿನಲ್ಲಿ ಸಹಿ ಕಲಿತದ್ದು ಅವನಿಂದ. ಮೊದಲ ದಿನವೇ ಪ್ರತಿಯೊಬ್ಬರ ಹೆಬ್ಬೆರಳು ಹಿಡಿದು, "ಇನ್ಮ್ಯಾಗ ಎಲ್ಲೆರ ಹೆಬ್ಬೆಟ್ಟು ಒತ್ತಿದ್ರ ಈ ಬೆರಳ ಕಡೀತೀನಿ" ಎಂದು ಗದರಿದ್ದನಂತೆ. ತಾಯಿಯನ್ನೂ ಬಿಟ್ಟಿರಲಿಲ್ಲ.

ನವೆಂಬರ್ 4. ಮಸ್ಕಿಯಲ್ಲಿ ಅರ್ಜಿ ತುಂಬಿಕೊಡುವ ಆನ್‌ಲೈನ್ ಸೆಂಟರಿಗೆ ಹೋದೆ. ಪಾಳಿಯಲ್ಲಿ ನನ್ನ ಮುಂದೆ ಹತ್ತೊಂಬತ್ತು ಜನರಿದ್ದರು. ನೆಟ್‌ವರ್ಕ್ ಹೋಗಿ ಒಂದೂವರೆ ಗಂಟೆಯಾದ ಮೇಲೆ ಏಳನೆಯವನಿಗೂ ಎಂಟನೆಯವನಿಗೂ ಜಗಳ ಹತ್ತಿತು. ಏಳನೆಯವನು ಎಂಟನೆಯವನ ಬಾಯಿಗೆ ಗುದ್ದಿದ. ಹಲ್ಲು ಬಿತ್ತು. ಎಂಟನೆಯವನು ಹಲ್ಲನ್ನು ಜೇಬಿಗೆ ಹಾಕಿಕೊಂಡು ಪಾಳಿ ಬಿಡದೆ ನಿಂತ. ಅವನನ್ನು ನೋಡಿ ನನಗೆ ನಗು ಬಂದಿತ್ತು. ಹನ್ನೊಂದು ದಿನದ ನಂತರ ಅವನು ನೆನಪಾದಾಗ ಬರಲಿಲ್ಲ.

ಸೆಂಟರಿನವನು ನಮ್ಮ ರೇಷನ್ ಕಾರ್ಡ್ ತಿರುಗಿಸಿ ನೋಡಿದ. ಎರಡು ಸಂಸಾರ, ಎಂಟು ಜನ, ಒಂದೇ ಕಾರ್ಡು. ಮನೆಯ ಯಜಮಾನಿಯೆಂದು ದಾದಿಯ ಹೆಸರು.

"ಇದರಾಗ ನಿಮ್ಮ ಚಾಚಾನ ಪಗಾರ ಕೂಡತೈತಲ್ಲವಾ," ಎಂದ. "ಮಿತಿ ದಾಟತೈತಿ. ಬ್ಯಾರೆ ಅದೀವಿ ಅಂತ ಅಫಿಡವಿಟ್ ಮಾಡಿಸ್ರಿ. ಅಧಿಕಾರಿ ಬಂದು ನೋಡ್ತಾರ. ಹಿತ್ತಲದಾಗ ಒಂದು ಒಲಿ ಹೂಡ್ರಿ. ಫೋಟೋ ಹೊಡೀತಾರ, ಹೋಗ್ತಾರ."

"ಒಲಿ ಯಾಕ್ರಿ?"

"ಒಂದು ಮನ್ಯಾಗ ಎರಡು ಕುಟುಂಬ ಅಂದ್ರ ಎರಡು ಒಲಿ. ಮತ್ತೇನು ನೋಡಬೇಕು ಅವರು? ನಿಮ್ಮ ಮುಖಾನಾ?"

ನಮ್ಮ ಓಣಿಯಲ್ಲಿ ಅಣ್ಣತಮ್ಮಂದಿರು ಬೇರೆಯಾದರು ಎಂದು ಯಾರೂ ಹೇಳುವುದಿಲ್ಲ, "ಒಲಿ ಎರಡಾತು" ಎನ್ನುತ್ತಾರೆ. ತಾಯಿ ಬದುಕಿರುವ ತನಕ ಎರಡನೇ ಒಲೆ ಹೂಡುವ ಹಾಗಿಲ್ಲ. ತಾಯಿಯ ನಲವತ್ತನೇ ದಿನ ಮುಗಿದ ಮೇಲೆ ಹಿರಿಯರು ಕೂತು, ಹಳೆಯ ಒಲೆಯ ಕೆಂಡ ತೆಗೆದು ಹೊಸ ಒಲೆಗೆ ಹಾಕಿಕೊಡುತ್ತಾರೆ. ಇದು ನನಗೂ ಗೊತ್ತಿತ್ತು, ಅಬ್ಬಾನಿಗೂ ಗೊತ್ತಿತ್ತು. ಕಾಗದಕ್ಕೆ ಹೂಡಿದ ಒಲೆ ಕಾಗದದ್ದೇ ಎಂದು ನಾನು ವಾದಿಸಿದೆ. ಅಫಿಡವಿಟ್ಟಿನ ಒಕ್ಕಣೆ ಬರೆದವಳೂ ನಾನೇ. ಸಹಿ ಮಾತ್ರ ಅಬ್ಬಾನದು.

ಚಾಚಿ ಮಕ್ಕಳನ್ನು ಕರೆದುಕೊಂಡು ತವರಿಗೆ ಹೋಗಿದ್ದಳು. ಚಾಚಾ ಬೆಳಗ್ಗೆ ಎಂಟರ ಬಸ್ಸಿಗೆ ಹೋಗಿ ಸಂಜೆ ಆರಕ್ಕೆ ಬರುತ್ತಾನೆ. ಗ್ರಾಮ ಆಡಳಿತಾಧಿಕಾರಿ ಸ್ಥಳ ಪರಿಶೀಲನೆಗೆ ನವೆಂಬರ್ 14ರ ಶುಕ್ರವಾರ ಬರುತ್ತೇನೆಂದಿದ್ದರು. ಗುರುವಾರ ಸಂಜೆ ಚಾಚಾ ಹೊರಗೆ ಹೋದಾಗ ಹಿತ್ತಲಿನ ಹತ್ತಿ ಚೀಲಗಳ ಮರೆಯಲ್ಲಿ ಮೂರು ಕಲ್ಲಿಟ್ಟು ಮಣ್ಣು ಮೆತ್ತಿದೆವು. ಶುಕ್ರವಾರ ಅಧಿಕಾರಿ ಬರಲಿಲ್ಲ. ಬೇರೆ ಕೆಲಸ ಬಂತು, ನಾಳೆ ಬರುತ್ತೇನೆಂದು ಫೋನ್ ಮಾಡಿದರು. ಆಗಲಿ ಎಂದೆ. ಶನಿವಾರ ಬೆಳಗಿನ ಶಾಲೆ, ಮಧ್ಯಾಹ್ನಕ್ಕೇ ಬಿಡುತ್ತಾರೆ. ವಾರದ ಏಳೂ ದಿನದ ಬಸ್ಸಿನ ವೇಳೆ ಡೈರಿಯಲ್ಲಿ ಬರೆದಿಟ್ಟಿದ್ದ ನನಗೆ ಇದು ಹೊಳೆಯಲಿಲ್ಲ.

ನವೆಂಬರ್ 15. ಅಧಿಕಾರಿ 12:15ಕ್ಕೆ ಬಂದರು. ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ಒಲೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು ನೋಡಿದರು.

"ಏನ್ರಿ ಇದು, ಶೋರೂಮಿನಿಂದ ತಂದಂಗೈತಿ ಒಲಿ! ಮಸಿ ಎಲ್ಲೈತಿ, ಬೂದಿ ಎಲ್ಲೈತಿ? ಮ್ಯಾಲಿನವ್ರು ಫೋಟೋ ನೋಡಿ ನನ್ನ ಕೇಳ್ತಾರ."

"ಹೊತ್ತಿಸ್ತೀವ್ರಿ," ಎಂದಳು ಅಮ್ಮಾ.

ಹೊತ್ತಿಸಿದೆವು. ಬೇಳೆ ಇಟ್ಟೆವು. ಒಲೆ ಹೊಗೆಯಾಡಿ ಕಪ್ಪಾಗಲು ಕಾಯುತ್ತ ಅಧಿಕಾರಿ ಚಹಾ ಕುಡಿದರು. ನನ್ನ ಫೈಲು ಸ್ಟೂಲಿನ ಮೇಲಿತ್ತು. ಹದಿನಾಲ್ಕು ಕಾಗದ, ಎಲ್ಲವೂ ಅಸಲು. 12:50ಕ್ಕೆ ಚಾಚಾ ಹಿತ್ತಲ ಬಾಗಿಲಲ್ಲಿ ನಿಂತಿದ್ದ.

"ಯಾರದಿದು ಒಲಿ?"

ಏನೂ ತಿಳಿಯದ ಅಧಿಕಾರಿ, "ಬರ್ರಿ ಮಾಸ್ತರ್ರೆ," ಎಂದರು. "ನೀವು ಅಣ್ಣತಮ್ಮರು ಬ್ಯಾರೆ ಅದೀರಂತಲ್ರಿ. ನಿಮ್ಮ ಒಲಿ ಯಾವ್ದು?"

ಚಾಚಾ ಒಲೆಯ ಹತ್ತಿರ ಬಂದ. "ಹಡದ ತಾಯಿ ಇನ್ನಾ ಜೀವಂತ ಅದಾಳಲೇ," ಎಂದ ಅಬ್ಬಾನಿಗೆ. ಅಣ್ಣನಿಗೆ ಅವನು ಲೇ ಅಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. "ಒಳಗ ಮಲಗ್ಯಾಳ. ಆಕಿ ಹೆಣ ಎತ್ತೋದ್ರಾಗ ಒಲಿ ಹೂಡಿದೇನು?"

"ಕಾಗದಕ್ಕ ಅಷ್ಟ ತಮ್ಮಾ, ಹುಡುಗಿ ಕಾಗದಕ್ಕ..."

ಚಾಚಾ ಪಾತ್ರೆಗೆ ಒದ್ದ. ಕುದಿಯುವ ಬೇಳೆ ಅಮ್ಮಾನ ಎರಡೂ ಪಾದದ ಮೇಲೆ ಬಿತ್ತು. ಅಬ್ಬಾ ಅವನ ಕೆನ್ನೆಗೆ ಹೊಡೆದ. ಮೊದಲು ಕೈ ಎತ್ತಿದವನು ಅಬ್ಬಾ, ಇದನ್ನು ಬಿಡದೆ ಬರೆಯುತ್ತೇನೆ. ಚಾಚಾ ಗೋಡೆಗೆ ಒರಗಿಸಿದ್ದ ಗಾದಿ ಕೋಲು ತೆಗೆದುಕೊಂಡ. ಒಂದು ಪೆಟ್ಟು ಅಬ್ಬಾನ ಭುಜಕ್ಕೆ, ಎರಡನೆಯದು ತಲೆಗೆ. ಅಬ್ಬಾ ಹತ್ತಿ ಚೀಲದ ಮೇಲೆ ಬಿದ್ದ. ಬಿಳಿ ಹತ್ತಿ ನೋಡನೋಡುತ್ತ ಕೆಂಪಾಯಿತು. ಹತ್ತಿ ರಕ್ತವನ್ನು ಎಷ್ಟು ಬೇಗ ಕುಡಿಯುತ್ತದೆಂದು ಆವತ್ತು ನೋಡಿದೆ. ಅಮ್ಮಾ ಚೀರುತ್ತಿದ್ದಳು. ಅಧಿಕಾರಿ ಚಹಾದ ಲೋಟ ಹಿಡಿದುಕೊಂಡೇ ಗೋಡೆಗೆ ಅಂಟಿಕೊಂಡಿದ್ದರು. ಚಾಚಾ ಕೋಲು ಬಿಸಾಕಿದ, ಸ್ಟೂಲಿನ ಮೇಲಿನ ಫೈಲು ನೋಡಿದ. "ಇದರ ಸಲುವಾಗಿ!" ಎಂದು ಅದನ್ನೆತ್ತಿ ಒಲೆಗೆ ಎಸೆದ.

ಇಲ್ಲಿ ಒಂದು ವಿಷಯವನ್ನು ಇದ್ದ ಹಾಗೆ ಬರೆಯಬೇಕು. ಅಮ್ಮಾನ ಕಾಲು ಸುಟ್ಟಾಗ ನಾನು ಕೋಲು ಎತ್ತಲಿಲ್ಲ. ಅಬ್ಬಾನ ತಲೆ ಒಡೆದಾಗ ಎತ್ತಲಿಲ್ಲ. ಫೈಲು ಬೆಂಕಿಗೆ ಬಿದ್ದಾಗ ಎತ್ತಿದೆ.

ಚಾಚಾ ಬಗ್ಗಿ ಬಲಗೈಯನ್ನು ಒಲೆಯೊಳಗೆ ಹಾಕಿದ್ದ. ಕಾಗದಗಳನ್ನು ಉರಿಯೊಳಕ್ಕೆ ನೂಕುತ್ತಿದ್ದಾನೆಂದು ತಿಳಿದು ಆ ಕೈ ಮೇಲೆ ಹೊಡೆದೆ. ಗಾದಿಗೆ ಇನ್ನೂರ ಹತ್ತು ಪೆಟ್ಟು ಹೊಡೆಯುವ ತೋಳು, ಗುರಿ ತಪ್ಪುವುದಿಲ್ಲ. ಮೊದಲ ಪೆಟ್ಟಿಗೆ ಕೈ ಹಿಂದೆ ಬರಲಿಲ್ಲ. ಎರಡನೆಯದಕ್ಕೆ ಒಣ ಕಟ್ಟಿಗೆ ಮುರಿದ ಸದ್ದು ಬಂತು, ಬೆರಳು ಬಿಚ್ಚಿದವು. ಮೂರನೆಯದಕ್ಕೆ ಎತ್ತಿದ ಕೋಲನ್ನು ಹಿಂದಿನಿಂದ ಯಾರೋ ಹಿಡಿದರು. ದಾದಿ. "ಬಸ್ ಕರೋ ರೇ, ಸಾಕು!" ಎಂದು ಕೂಗಿ ನನ್ನ ಕಪಾಳಕ್ಕೊಂದು ಕೊಟ್ಟಳು. ಆಮೇಲೆ ಕೊಡ ಎತ್ತಿ ಒಲೆಯ ಮೇಲೆ ಸುರಿದಳು, ರುಬ್ಬುವ ಗುಂಡಿನಿಂದ ಒಲೆಯನ್ನು ಕುಟ್ಟಿ ಕುಟ್ಟಿ ಮಣ್ಣು ಮಾಡಿದಳು. ಅದಕ್ಕೆ ಬಿದ್ದ ಪೆಟ್ಟು ನಾನು ಎಣಿಸಲಿಲ್ಲ.

ಗಾದಿ ಸಾಗಿಸುವ ಗೂಡ್ಸ್ ಆಟೋದಲ್ಲಿ ಮೂವರನ್ನೂ ಆಸ್ಪತ್ರೆಗೆ ಒಯ್ದೆ. ಅಣ್ಣತಮ್ಮಂದಿರು ಎದುರುಬದುರು ಕೂತಿದ್ದರು, ಕಾಲಿಗೆ ಕಾಲು ತಾಗುತ್ತಿತ್ತು. ಎಕ್ಸ್‌ರೇಗೆ ಮಸ್ಕಿಯಿಂದ ಸಿಂಧನೂರಿಗೆ ಹೋಗಬೇಕಾಯಿತು. ಭತ್ತದ ಕೊಯ್ಲಿನ ಕಾಲ. ರಸ್ತೆಯ ಅರ್ಧ ಭಾಗಕ್ಕೆ ಭತ್ತ ಒಣಹಾಕಿದ್ದರು, ಎದುರಿಗೆ ಕೊಯ್ಲಿನ ಯಂತ್ರ ಬಂದಾಗಲೆಲ್ಲ ಆಟೋ ತಗ್ಗಿಗೆ ಇಳಿಯುತ್ತಿತ್ತು. ಒಂದೊಂದು ತಗ್ಗಿಗೂ ಚಾಚಾ ಹಲ್ಲು ಕಚ್ಚುವುದು ಕೇಳುತ್ತಿತ್ತು.

"ಹೆಂಗಾತು?" ಎಂದರು ಡಾಕ್ಟರು.

"ಜಾರಿ ಬಿದ್ದೆ," ಎಂದ ಅಬ್ಬಾ.

"ಹತ್ತಿ ಮಷೀನ್ನಾಗ ಕೈ ಸಿಕ್ತು," ಎಂದ ಚಾಚಾ.

"ಬ್ಯಾಳಿ ಚಲ್ಲಿತ್ರಿ," ಎಂದಳು ಅಮ್ಮಾ.

ನರ್ಸಮ್ಮ ಮೂವರನ್ನೂ ನೋಡಿದಳು. "ನಿಮ್ಮದು ಮನಿನೋ ಹೈವೇನೋ?"

ಅಬ್ಬಾನ ತಲೆಗೆ ಏಳು ಹೊಲಿಗೆ. ಚಾಚಾನ ಬಲಗೈಯಲ್ಲಿ ಮೂರು ಎಲುಬು ಮುರಿದಿದ್ದವು, ಮೊಣಕೈವರೆಗೆ ಪ್ಲಾಸ್ಟರು ಹಾಕಿದರು. ಬೆಂಚಿನ ಮೇಲೆ ಕೂತು ನಾನು ಒಲೆಯ ಪಕ್ಕದಿಂದ ಆರಿಸಿ ತಂದ ಕಾಗದಗಳನ್ನು ಎಣಿಸಿದೆ. ಡೈರಿಯಲ್ಲಿ ಬರೆದೆ: "ಪೆಟ್ಟು 2. ಸುಟ್ಟವು 5. ಉಳಿದವು 9. ಒಂಬತ್ತೂ ಬಲ ಮೂಲೆಯಲ್ಲಿ ಮುದುಡಿವೆ." ಮುದುಡಿದ್ದು ಯಾಕೆಂದು ಯೋಚಿಸಲಿಲ್ಲ. ಕಂಡದ್ದನ್ನು ಬರೆಯುವುದು ನನ್ನ ರೂಢಿ, ಬರೆದೆ ಅಷ್ಟೇ.

ಆವತ್ತೇ ಚಾಚಾ ಮನೆ ಬಿಟ್ಟು ಲಿಂಗಸುಗೂರಿನಲ್ಲಿ ಜೊತೆ ಮಾಸ್ತರರ ಕೋಣೆಗೆ ಹೋದ.

ನವೆಂಬರ್ 17, ಸೋಮವಾರ. ಆದಾಯ ಪ್ರಮಾಣಪತ್ರದ ಅರ್ಜಿ ತಿರಸ್ಕೃತವಾಯಿತು. ಷರಾ: "ಪ್ರತ್ಯೇಕ ಕುಟುಂಬವೆಂದು ಸ್ಥಳದಲ್ಲಿ ದೃಢಪಟ್ಟಿಲ್ಲ." ಅಧಿಕಾರಿ ಇಷ್ಟೇ ಬರೆದಿದ್ದರು. ಕಂಡದ್ದನ್ನೆಲ್ಲ ಬರೆಯದೆ ಬಿಟ್ಟದ್ದು ಅವರ ದೊಡ್ಡತನ. ಸುಟ್ಟ ಐದರಲ್ಲಿ ನಾಲ್ಕರ ಸಂಖ್ಯೆ ನನ್ನ ಡೈರಿಯಲ್ಲಿತ್ತು. ಆ ಸಂಖ್ಯೆ ಹೊಡೆದರೆ ಮತ್ತೆ ಮುದ್ರಿಸಿಕೊಳ್ಳಬಹುದಾದ ಪ್ರಮಾಣಪತ್ರಗಳವು. ಸಂಜೆಯೊಳಗೆ ನಾಲ್ಕೂ ಕೈಗೆ ಬಂದವು. ಐದನೆಯದು ವರ್ಗಾವಣೆ ಪತ್ರ. ಅದರ ನಕಲಿಗೆ ಸಿಂಧನೂರಿನ ನನ್ನ ಕಾಲೇಜಿಗೆ ಮತ್ತೊಂದು ಅಫಿಡವಿಟ್ ಕೊಡಬೇಕಿತ್ತು. "ಒಲೆಯ ಬೆಂಕಿಗೆ ಬಿದ್ದು ಸುಟ್ಟಿದೆ" ಎಂದು ಬರೆದೆ. ಅದು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ.

18ರಂದು ಸಿಂಧನೂರಿನ ಬ್ಯಾಂಕು. ಸುತ್ತಲಿನ ಕ್ಯಾಂಪು ಹಳ್ಳಿಗಳ ರೈತರ ಪಾಳಿ ಬಾಗಿಲ ಹೊರಗಿತ್ತು. ಸಾಲದ ವಿಭಾಗದ ಅಧಿಕಾರಿ ಮಹಿಳೆ ಬೇಗ ಮಾತಾಡುವವರು. ಪೋರ್ಟಲ್ಲಿನಲ್ಲಿ ಅರ್ಜಿ ಹಾಕಿ, ಪ್ರವೇಶ ಪತ್ರ, ಶುಲ್ಕದ ವಿವರ, ಅಂಕಪಟ್ಟಿ, ಸಹ ಅರ್ಜಿದಾರರ ಮೂರು ತಿಂಗಳ ವೇತನ ಚೀಟಿ, ಹಿಂದಿನ ಸಾಲಿನ ಫಾರಂ 16 ತನ್ನಿ ಎಂದರು. "ಸೋಮವಾರದೊಳಗ ಎಲ್ಲಾ ಕೈಗೆ ಬಂದ್ರ 28ಕ್ಕ ನೋಡೋಣು. ಸಹ ಅರ್ಜಿದಾರರು ಖುದ್ದು ಬರಬೇಕು, ನನ್ನ ಮುಂದ ಸಹಿ ಮಾಡಬೇಕು. ಯಾರವ್ರು?"

"ಚಾಚಾ," ಎಂದೆ. ಬಾಯಿಂದ ಬಂದ ಮೇಲೆ ಅವನ ಬಲಗೈ ನೆನಪಾಯಿತು.

19, ಬುಧವಾರ. ಅಬ್ಬಾ ಅಂಗಡಿಯಲ್ಲಿ ತಲೆಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದ. ನನ್ನ ಮುಂದೆ ಹಾಳೆ ಎಸೆದ.

"ಬರಿ, ಪೊಲೀಸ್ ಠಾಣೆಗೆ. ಸರ್ಕಾರಿ ನೌಕರ, ಒಳಗ ಹಾಕಿದ್ರ ಸಸ್ಪೆಂಡ್ ಆಗ್ತಾನ. ಆಗ್ಲಿ ಮಗಾ."

ನಮ್ಮ ಮನೆಯ ಎಲ್ಲ ಅರ್ಜಿ ಬರೆಯುವವಳು ನಾನೇ. ಬರೆದೆ. ಒಂದೂಕಾಲು ಪುಟವಾಯಿತು. ಸುಳ್ಳು ಅಫಿಡವಿಟ್ಟಿನಿಂದ ಶುರು ಮಾಡಿದ್ದೆ. ಚಾಚಾ ಪಾತ್ರೆ ಒದ್ದದ್ದು, ಅಬ್ಬಾ ಮೊದಲು ಕೆನ್ನೆಗೆ ಹೊಡೆದದ್ದು, ಚಾಚಾನ ಎರಡು ಪೆಟ್ಟು, ಫೈಲು, ನನ್ನ ಎರಡು ಪೆಟ್ಟು, ಮುರಿದ ಮೂರು ಎಲುಬು. ಓದಿ ಹೇಳಿದೆ.

"ನಾ ಹೊಡದದ್ದು ಯಾಕ ಬರದಿ?"

"ಹೊಡದಿಯಲ್ಲಬ್ಬಾ."

"ನಿಂದ್ಯಾಕ ಬರದಿ? ತಲಿ ಕೆಟ್ಟೈತೇನು ನಿಂದು?"

"ಬರದ್ರ ಎಲ್ಲಾರದೂ ಬರೀತೀನಿ. ಬ್ಯಾಡಂದ್ರ ಯಾರದೂ ಬ್ಯಾಡ."

ಅಬ್ಬಾ ನೀರಿನ ತಂಬಿಗೆಯನ್ನು ಗೋಡೆಗೆ ಬೀಸಿ ಹೊಡೆದ. ಅದು ನನ್ನ ಕಿವಿಯ ಪಕ್ಕದಲ್ಲೇ ಹೋಯಿತು. ಆಮೇಲೆ ಹಾಳೆಯನ್ನು ನಾಲ್ಕು ತುಂಡು ಮಾಡಿದ. ಆ ಹಾಳೆ ಕೈಯಲ್ಲಿ ಹಿಡಿದು ಚಾಚಾನನ್ನು ಹೆದರಿಸಿದ್ದರೆ ಸಹಿಗೆ ಬಂದೇ ಬರುತ್ತಿದ್ದ. ಅದು ನನಗೂ ಹೊಳೆದಿತ್ತು, ಸುಳ್ಳೇಕೆ ಹೇಳಲಿ. ಆದರೆ ಹಾಗೆ ಬಂದ ಸಹಿಯ ಮೇಲೆ ಎರಡು ವರ್ಷ ಓದುವುದು ನನ್ನಿಂದಾಗುತ್ತಿರಲಿಲ್ಲ. ತುಂಡುಗಳನ್ನು ಕಸದ ಬುಟ್ಟಿಗೆ ಹಾಕಿ, ನಾಳೆ ಲಿಂಗಸುಗೂರಿಗೆ ಹೋಗುತ್ತೇನೆಂದೆ.

"ಹೋಗು. ಅವನ ಕಾಲಿಗಿ ಬೀಳು," ಎಂದ ಅಬ್ಬಾ. ಬಸ್ಸಿನ ಚಾರ್ಜು ಮಾತ್ರ ಮೇಜಿನ ಮೇಲಿಟ್ಟ.

20, ಗುರುವಾರ. ಲಿಂಗಸುಗೂರಿನಿಂದ ಆಟೋ ಹಿಡಿದು ಶಾಲೆ ಮುಟ್ಟಿದಾಗ ಚಾಚಾ ಎಡಗೈಯಿಂದ ಬೋರ್ಡಿನ ಮೇಲೆ ಬರೆಯುತ್ತಿದ್ದ. "ಸರ್, ನಿಮ್ಮ ಅಕ್ಷರ ಒಂದ್ನೇ ಕ್ಲಾಸಿನವ್ರ ಹಂಗಾಗ್ಯಾವ್ರಿ!" ಎಂದು ಒಬ್ಬಳು ಕೂಗಿದಳು. ತರಗತಿಯೆಲ್ಲ ನಕ್ಕಿತು, ಅವನೂ ನಕ್ಕ. ಬಾಗಿಲಲ್ಲಿ ನನ್ನನ್ನು ಕಂಡ ಕೂಡಲೇ ನಗು ನಿಂತಿತು. ಊಟದ ಗಂಟೆ ಹೊಡೆದು ಮಕ್ಕಳು ತಟ್ಟೆ ಹಿಡಿದು ಓಡಿದ ಮೇಲೆ ಹೊರಗೆ ಬಂದ.

"ಯಾಕ ಬಂದಿ?"

"ಸಾಲಕ್ಕ ಸಹಿ ಬೇಕು."

ಪ್ಲಾಸ್ಟರಿನ ಕೈಯನ್ನು ನನ್ನ ಮುಖದ ಮುಂದೆ ಹಿಡಿದ. "ಕೈ ಮುರದಾಕಿ ಸಹಿ ಕೇಳಾಕ ಬಂದಾಳ. ಭಲೇ. ಎಷ್ಟು ಕಾಗದ ಉಳದಾವ?"

"ಒಂಬತ್ತು."

"ಹೆಂಗ ಉಳದ್ವು?"

"ಬೆಂಕಿ ಹತ್ತಲಿಲ್ಲ. ಒಲಿ ಪಕ್ಕಕ್ಕ ಬಿದ್ದಿದ್ವು."

"ತಾವಾ ಜಿಗದ್ವೇನು ಪಕ್ಕಕ್ಕ? ಡೈರ್ಯಾಗ ಏನ್ ಬರದಿ? ಓದು."

ಓದಿದೆ. ಉಳಿದವು ಒಂಬತ್ತು, ಒಂಬತ್ತೂ ಬಲ ಮೂಲೆಯಲ್ಲಿ ಮುದುಡಿವೆ. ಚಾಚಾ ಎಡಗೈಯನ್ನು ಮುಂದೆ ಚಾಚಿ ಮುಷ್ಟಿ ಕಟ್ಟಿದ, ಬೆಂಕಿಯಿಂದ ಏನನ್ನೋ ಹಿಡಿದು ಎಳೆಯುವವನಂತೆ. ನಾನು ಫೈಲಿನಿಂದ ಒಂದು ಅಂಕಪಟ್ಟಿ ತೆಗೆದು ನೋಡಿದೆ. ಮೂಲೆಯಲ್ಲಿ ನಾಲ್ಕು ಮಡಿಕೆ. ಹಿಂದುಗಡೆ ಹೆಬ್ಬೆರಳಿನಷ್ಟು ಅಗಲದ ಒಂದು ತಗ್ಗು. ಐದು ದಿನ ಆ ಕಾಗದಗಳನ್ನು ನಾನು ದಿನಾ ಎಣಿಸಿದ್ದೆ.

"ಒಗದೆ, ಖರೆ," ಎಂದ. "ಒಗದ ಕೂಡ್ಲೆ ತೆಗಿಯಾಕ ಕೈ ಹಾಕಿದೆ. ಒಂದು ಪೆಟ್ಟಿಗಿ ಬಿಡಲಿಲ್ಲ ನಾನು. ಅದನ್ನೂ ಬರದೀ ಏನು?"

ಆಗ ಅವನು ಎಡಗೈಯಿಂದ ನನ್ನ ಕೆನ್ನೆಗೆ ಹೊಡೆದ.

"ಎಣಿಸು."

"ಒಂದು."

ಮತ್ತೆ ಹೊಡೆದ.

"ಎರಡು."

ಬಾಯೊಳಗೆ ರಕ್ತದ ರುಚಿ ಬಂತು. ಬಿಸಿಯೂಟ ಬಡಿಸುವ ಅಕ್ಕ ಸೌಟು ಹಿಡಿದುಕೊಂಡು ಬಾಗಿಲಿಗೆ ಬಂದಳು. "ಏನ್ರಿ ಸರ್, ದೊಡ್ಡ ಹುಡುಗಿನ್ನ!" ಎಂದಳು. ಚಾಚಾ ಅವಳತ್ತ ನೋಡಲಿಲ್ಲ.

"ಸಮ ಆತಾ?" ಎಂದು ನನ್ನನ್ನು ಕೇಳಿದ.

"ಅಬ್ಬಾನ ತಲಿದು ಐತಿ. ಅಮ್ಮಾನ ಕಾಲಿಂದೈತಿ."

ಅವನ ಕೈ ಮತ್ತೆ ಮೇಲೆದ್ದಿತು, ಅರ್ಧಕ್ಕೆ ನಿಂತು ಇಳಿಯಿತು. ಗೋಡೆಗೆ ಒರಗಿ ಕೂತ. "ವೇತನ ಚೀಟಿ ನಾನಾ ತರ್ತೀನಿ. ಸೋಮವಾರ ಹತ್ತಕ್ಕ ಬ್ಯಾಂಕಿನ ಹತ್ರ ಇರು," ಎಂದ. ಹಿಂದಿರುಗುವ ಬಸ್ಸಿನಲ್ಲಿ "ಎರಡಕ್ಕೆ ಎರಡು" ಎಂದು ಬರೆಯಲು ಪೆನ್ನು ತೆಗೆದೆ. ನನ್ನದು ಊದಿದ ಕೆನ್ನೆ, ನಾಳೆ ಇಳಿಯುತ್ತದೆ. ಬರೆಯಲಿಲ್ಲ.

24, ಸೋಮವಾರ. ದಾದಿ ನನ್ನ ಜೊತೆ ಹೊರಟಳು. "ನಿಮ್ಮಿಬ್ಬರನ್ನ ಬಿಟ್ರ ಬ್ಯಾಂಕಿನಾಗೂ ಹೊಡದಾಡ್ತೀರಿ," ಎಂದಳು. ಅವಳ ಪಿಂಚಣಿ ಖಾತೆ ಇರುವುದೂ ಅದೇ ಶಾಖೆಯಲ್ಲಿ. ಚಾಚಾ 9:45ಕ್ಕೇ ಬಂದು ನಿಂತಿದ್ದ. ಕುತ್ತಿಗೆಯಿಂದ ಇಳಿಬಿಟ್ಟ ಪಟ್ಟಿಯಲ್ಲಿ ಮುರಿದ ಕೈ, ಇಸ್ತ್ರಿ ಮಾಡಿದ ಅಂಗಿ, ಬಲತೋಳು ಮಾತ್ರ ಪ್ಲಾಸ್ಟರಿನ ಮೇಲೆ ಕತ್ತರಿಸಿದ್ದು.

ಅಧಿಕಾರಿ ಕಾಗದಗಳನ್ನೆಲ್ಲ ನೋಡಿ ಟಿಕ್ ಹಾಕಿದರು. ಪ್ಲಾಸ್ಟರು ಕಂಡಾಗ ಪೆನ್ನು ನಿಲ್ಲಿಸಿದರು.

"ಸಹಿ ಹೆಂಗ ಮಾಡ್ತೀರಿ?"

"ಎಡಗೈಲೆ ಮಾಡ್ತೀನ್ರಿ."

"ನಿಮ್ಮ ಪಗಾರ ಖಾತೆ ಸಹಿಗೆ ಹೊಂದಂಗಿಲ್ಲ. ಅದು ನಡೆಯಂಗಿಲ್ರಿ ಸರ್."

"ಬಲಗೈಲೇ ಮಾಡ್ತೀನಿ ತರ್ರಿ."

ಪ್ಲಾಸ್ಟರಿನ ತುದಿಯಿಂದ ಹೊರಗಿದ್ದ ಊದಿದ ಬೆರಳುಗಳ ಸಂದಿಗೆ ಎಡಗೈಯಿಂದ ಪೆನ್ನು ತುರುಕಿದ. ಒತ್ತಿ ಎಳೆದ. ಮೊದಲ ಅಕ್ಷರಕ್ಕೇ ಹಣೆಯ ಬೆವರು ಕಾಗದದ ಮೇಲೆ ಬಿತ್ತು. ಎರಡನೆಯದಕ್ಕೆ ಗಂಟಲಿನಿಂದ ಪ್ರಾಣಿಯ ಸದ್ದು ಬಂದು ಪಾಳಿಯ ಜನ ತಿರುಗಿ ನೋಡಿದರು. ಪೆನ್ನು ಕಾಗದ ಹರಿದುಕೊಂಡು ಹೋಯಿತು. "ಇನ್ನೊಂದು ತರ್ರಿ," ಎಂದ. ಅದೂ ಹರಿಯಿತು. ಮೂರನೆಯದನ್ನು ಕೇಳಿದಾಗ ಅಧಿಕಾರಿ ಫಾರಂ ಹಿಂದಕ್ಕೆ ಎಳೆದುಕೊಂಡರು.

"ಬ್ಯಾಡ್ರಿ ಸರ್. ಕೈ ಮತ್ತ ಮುರೀತೈತಿ. ಡಾಕ್ಟರ್ ಚೀಟಿ ಐತಲ್ಲ, ಎಡಗೈ ಹೆಬ್ಬೆಟ್ಟು ತಗೊಂತೀವಿ. ಇಬ್ಬರು ಸಾಕ್ಷಿ ಸಹಿ ಬೇಕು, ಒಬ್ಬರು ನಮ್ಮ ಗ್ರಾಹಕರಿರಬೇಕು."

ಹೆಬ್ಬೆಟ್ಟು ಎಂಬ ಮಾತಿಗೆ ಅವನ ಮುಖದಿಂದ ರಕ್ತ ಇಳಿದುಹೋಯಿತು. ಎದ್ದು ಹೋಗಿಬಿಡುತ್ತಾನೆಂದುಕೊಂಡೆ. ಮೇಜಿನ ಮೇಲೆ ನೇರಳೆ ಶಾಯಿಯ ಪ್ಯಾಡು ಬಂತು. ಡಾಕ್ಟರ ಚೀಟಿಯನ್ನು ಅಧಿಕಾರಿ ಗಟ್ಟಿಯಾಗಿ ಓದಿದರು: ಹತ್ತಿ ಯಂತ್ರದಿಂದಾದ ಗಾಯ. ಚಾಚಾ ನನ್ನ ಕಡೆ ನೋಡಲಿಲ್ಲ. ನಾನು ನೆಲ ನೋಡುತ್ತಿದ್ದೆ.

"ಅದು ಯಂತ್ರ ಅಲ್ರಿ," ಎಂದೆ. ಎನ್ನಬೇಕೆಂದು ಮೊದಲೇ ಯೋಚಿಸಿರಲಿಲ್ಲ.

"ಸುಮ್ಕಿರ್ಬೇ!" ಎಂದ ಚಾಚಾ. ಬ್ಯಾಂಕೆಲ್ಲ ತಿರುಗಿತು. ಅವನು ಎಡಗೈ ಹೆಬ್ಬೆರಳನ್ನು ಪ್ಯಾಡಿಗೆ ಒತ್ತಿದ. ಫಾರಂ ಮೇಲೆ ಹೊಡೆಯುವಷ್ಟೇ ಜೋರಾಗಿ ಒತ್ತಿದ. ಒಂದು, ಎರಡು, ಮೂರು, ನಾಲ್ಕು ಕಡೆ.

ಗ್ರಾಹಕ ಸಾಕ್ಷಿಯಾಗಿ ದಾದಿ ಮುಂದೆ ಬಂದಳು. ಕನ್ನಡಕ ಸರಿ ಮಾಡಿಕೊಂಡು, ಒಂದೊಂದೇ ಅಕ್ಷರ, ಚಾಚಾ ಕಲಿಸಿದ್ದ ಹಾಗೆಯೇ ಗೆರೆ ಬಿಡದೆ ಬರೆದಳು. ನಾಲ್ಕು ಹೆಬ್ಬೆಟ್ಟಿನ ಪಕ್ಕ ನಾಲ್ಕು ಸಹಿ. ಹನ್ನೊಂದು ನಿಮಿಷ ಹಿಡಿಯಿತು, ಯಾರೂ ಅವಸರ ಮಾಡಲಿಲ್ಲ. ಪೆನ್ನು ಮುಚ್ಚಿ ಮಗನ ಮಸಿಯಾದ ಹೆಬ್ಬೆರಳನ್ನು ಕೈಯಲ್ಲಿ ಹಿಡಿದುಕೊಂಡಳು.

"ಏನ್ ಮಾಸ್ತರ," ಎಂದಳು, "ಈ ಬೆರಳ ಕಡೀಲೇನು?"

ಚಾಚಾ ನಗಲು ಹೋದ. ಬಾಯಿ ಸೊಟ್ಟಗಾಯಿತು. ಆ ಬೆರಳನ್ನು ತಾಯಿಯ ಕೈಯಿಂದ ಬಿಡಿಸಿಕೊಳ್ಳದೆ, ಎರಡನೇ ಸಾಕ್ಷಿಯ ಸಹಿಗೆ ಮ್ಯಾನೇಜರು ಬರುವ ತನಕ ಹಾಗೆಯೇ ಕೂತಿದ್ದ. ಒರೆಸಲು ನಾನು ಕರವಸ್ತ್ರ ಚಾಚಿದೆ. ತೆಗೆದುಕೊಳ್ಳಲಿಲ್ಲ.

ನವೆಂಬರ್ 28, ಶುಕ್ರವಾರ, 11:40ಕ್ಕೆ ಶುಲ್ಕ ಜಮೆಯಾಯಿತು. ಐದು ಗಂಟೆ ಇಪ್ಪತ್ತು ನಿಮಿಷ ಉಳಿದಿತ್ತು.

ಚಾಚಾ ಮನೆಗೆ ಬಂದಿದ್ದಾನೆ. ಒಲೆ ಒಂದೇ ಇದೆ, ದಾದಿಯದು. ರಾತ್ರಿ ಅಬ್ಬಾ ಎಂಟಕ್ಕೆ ಊಟ ಮಾಡುತ್ತಾನೆ, ಚಾಚಾ ಒಂಬತ್ತಕ್ಕೆ. ಇಬ್ಬರೂ ಮಾತಾಡುವುದಿಲ್ಲ. ಅಮ್ಮಾನ ಪಾದದ ಮೇಲೆ ಕಲೆ ಉಳಿದಿದೆ. ಪ್ಲಾಸ್ಟರು ತೆಗೆದ ಮೇಲೆ ಚಾಚಾನ ಎರಡು ಬೆರಳು ಪೂರ್ತಿ ಮಡಚುವುದಿಲ್ಲ. ಅವನ ಸಹಿ ಬದಲಾಗಿದೆ. ಶಾಲೆಯಲ್ಲೂ ಪಗಾರದ ಬ್ಯಾಂಕಿನಲ್ಲೂ ಹೊಸ ಸಹಿಯ ಮಾದರಿ ಕೊಟ್ಟು ಬಂದ, ಎಲ್ಲ ಕಡೆಯೂ ಒಪ್ಪಿಕೊಂಡರು. ನನ್ನ ಸಾಲದ ಫೈಲಿನಲ್ಲಿ ಮಾತ್ರ, ಅದು ತೀರುವ ತನಕ, ನನಗೆ ಓದು ಕಲಿಸಿದವನು ಹೆಬ್ಬೆಟ್ಟಿನವನು.